ಮರಣಶಯ್ಯೆಯ ಮಾತು: ‘ದಯಾಮರಣ’ ಎಂಬ ಪದದ ವಿಮರ್ಶೆ

೧

ಶಾಸನಗಳಲ್ಲಿಯೂ ಕಾವ್ಯಗಳಲ್ಲಿಯೂ ದೊರೆಯುವ ಪದಗಳನ್ನು ಎಷ್ಟು ಎಚ್ಚರದಿಂದ ಪರಿಶೀಲಿಸುತ್ತೇವೆಯೋ ಅಷ್ಟೇ ಎಚ್ಚರದಿಂದ, ನಮ್ಮ ಕಾಲದಲ್ಲಿ ನ್ಯಾಯಾಲಯಗಳಿಂದಲೂ ವೃತ್ತಪತ್ರಿಕೆಗಳಿಂದಲೂ ಭಾಷೆಗೆ ಬಂದು ಸೇರುತ್ತಿರುವ ಪದಗಳನ್ನು ಪರಿಶೀಲಿಸುವುದು ಭಾಷಾಧ್ಯಯನ ಮಾಡುವವರ ಕರ್ತವ್ಯವಾಗಿದೆ. ಹಳೆಯ ಪದದ ಅರ್ಥವನ್ನು ನಾವು ತಪ್ಪಾಗಿ ಹೇಳಿದರೆ ಕೆಡುವುದು ಒಂದು ಪದ್ಯದ ಅನ್ವಯ ಮಾತ್ರ. ಹೊಸ ಪದವನ್ನು ತಪ್ಪಾಗಿ ಕಟ್ಟಿದರೆ ಅದರಿಂದ ಒಂದು ಮನೆಯವರ ನೆಮ್ಮದಿಯೇ ಕೆಡಬಹುದು. ‘ದಯಾಮರಣ’ವು ಅಂಥ ಪದಗಳಲ್ಲಿ ಒಂದು. ಚೇತರಿಸುವ ಆಸೆಯಿಲ್ಲದ ರೋಗಿಯನ್ನು ಕೃತಕ ಉಸಿರಾಟದ ಯಂತ್ರದ ಮೇಲೆ ಇರಿಸುವುದೋ ಬಿಡುವುದೋ ಎಂದು ಬಂಧುಗಳು ನಿರ್ಧರಿಸಬೇಕಾದಾಗ ಅವರ ಕಿವಿಗೆ ಬೀಳುವ ಪದ ಇದು. ಇದು ಆ ಸಂದರ್ಭಕ್ಕೆ ಹೊಂದುವುದೇ, ಹೊಂದದಿದ್ದರೆ ನಮ್ಮ ನುಡಿಯಲ್ಲಿ ಅದಕ್ಕಿಂತ ಮೇಲಾದ ಮಾತು ಇದೆಯೇ ಎಂಬುದನ್ನು ವಿವೇಚಿಸುವುದು ಈ ಲೇಖನದ ಉದ್ದೇಶ.

ವಿವೇಚನೆಗೆ ಒಂದು ನೆಲೆ ಬೇಕು. ಆ ನೆಲೆ ಉಪ್ಪಿನಂಗಡಿ. ತುಳುವಿನಲ್ಲಿ ‘ಉಬಾರ್’ ಎನಿಸಿಕೊಳ್ಳುವ ಈ ಊರಿನಲ್ಲಿ ನೇತ್ರಾವತಿಯೂ ಕುಮಾರಧಾರೆಯೂ ಕೂಡುತ್ತವೆ. ಸಂಗಮದ ಬಳಿಯಲ್ಲಿ ಸಹಸ್ರಲಿಂಗೇಶ್ವರನ ದೇವಾಲಯವಿದೆ. ಅಳಿದವರಿಗೆ ಪಿಂಡವಿಡಲು ಸುತ್ತಿನ ಊರುಗಳ ಜನ ಇಲ್ಲಿಗೆ ಬರುತ್ತಾರೆ. ಆದುದರಿಂದಲೇ ಇದಕ್ಕೆ ದಕ್ಷಿಣಕಾಶಿಯೆಂಬ ಪ್ರಸಿದ್ಧಿ. ಮರಣಾನಂತರದ ಕರ್ತವ್ಯಗಳನ್ನು ಇಷ್ಟು ಸ್ಪಷ್ಟವಾಗಿ ಬಲ್ಲ ಊರಿನ ಜನ ಮರಣಕ್ಕೆ ಮುಂಚಿನ ಈ ಹೊಸ ಕರ್ತವ್ಯದ ಮುಂದೆ ಮಾತು ತೋಚದೆ ನಿಲ್ಲುತ್ತಾರೆ. ರೋಗ ಬಿಗಡಾಯಿಸಿದರೆ ರೋಗಿಯನ್ನು ಪುತ್ತೂರಿಗೆ, ಅಲ್ಲಿಂದ ಮುಂದೆ ಮಂಗಳೂರಿಗೆ ಒಯ್ಯುತ್ತಾರೆ. ಅಲ್ಲಿ ತೀವ್ರನಿಗಾ ಘಟಕದ ಹೊರಗೆ ತುಳು, ಬ್ಯಾರಿ, ಕೊಂಕಣಿ, ಮಲೆಯಾಳ, ಸುಳ್ಯದ ಕಡೆಯ ಅರೆಭಾಷೆ ಇವುಗಳಲ್ಲಿ ಆಡಿಕೊಂಡ ಮಾತಿಗೆ ಕೊನೆಯಲ್ಲಿ ರುಜು ಬೀಳುವುದು ಇಂಗ್ಲಿಷಿನಲ್ಲಿಯೋ ಕನ್ನಡದಲ್ಲಿಯೋ ಅಚ್ಚಾದ ಕಾಗದದ ಮೇಲೆ.

೨

ಮೊದಲು ಪದದ ರಚನೆಯನ್ನು ನೋಡೋಣ. ‘ದಯಾಮರಣ’ವು ಸಮಾಸ. ಅದರ ವಿಗ್ರಹವಾಕ್ಯವನ್ನು ‘ದಯೆಯಿಂದ ಆದ ಮರಣ’ ಎಂದು ಹೇಳಬೇಕು. ಹಾಗೆ ಹೇಳಿದ ಕೂಡಲೇ ಪ್ರಶ್ನೆ ಏಳುತ್ತದೆ: ಯಾರ ದಯೆ? ಸಾಯುವವನದಲ್ಲ, ತನ್ನ ಮೇಲೆ ತಾನು ದಯೆ ತೋರುವನೆಂಬ ಪ್ರಯೋಗ ನಮ್ಮಲ್ಲಿಲ್ಲ. ಆದುದರಿಂದ ಅದು ಬೇರೊಬ್ಬರ ದಯೆ. ಬೇರೊಬ್ಬರ ದಯೆಯಿಂದ ಮರಣವಾಯಿತೆಂದರೆ ಆ ಬೇರೊಬ್ಬರೇ ಮರಣಕ್ಕೆ ಕಾರಣರೆಂದಾಯಿತು. ಗ್ರೀಕ್ ಮೂಲದ ‘ಯುಥನೇಸಿಯ’ ಎಂಬ ಶಬ್ದಕ್ಕೆ ಒಳ್ಳೆಯ ಮರಣವೆಂದಷ್ಟೇ ಅರ್ಥ. ಅದರಲ್ಲಿ ದಯೆ ತೋರುವವನೂ ಇಲ್ಲ, ದಯೆಗೆ ಪಾತ್ರನಾದವನೂ ಇಲ್ಲ. ಮೂಲದಲ್ಲಿಲ್ಲದ ಕರ್ತೃವನ್ನು ಅನುವಾದವು ಸೃಷ್ಟಿಸಿ, ಅವನನ್ನು ಸಮಾಸದೊಳಗೆ ಅಡಗಿಸಿಟ್ಟಿದೆ. ‘ನಿಷ್ಕ್ರಿಯ’ ಎಂಬ ವಿಶೇಷಣವನ್ನು ಮುಂದೆ ಸೇರಿಸಿದರೂ ದೋಷ ಪರಿಹಾರವಾಗುವುದಿಲ್ಲ. ಏನೂ ಮಾಡದವನು ದಯೆಯಿಂದ ಕೊಂದನೆಂಬ ವಿಚಿತ್ರಾರ್ಥ ಹುಟ್ಟುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ೨೦೧೮ರಲ್ಲಿ ಈ ವಿಷಯದ ಪಾರಿಭಾಷಿಕ ಪದಗಳನ್ನು ನಿರ್ವಚಿಸಿ ಪ್ರಕಟಿಸಿದಾಗ, ಇಂಗ್ಲಿಷಿನ ಆ ಮೂಲ ಪದಪುಂಜವನ್ನೇ ಬಳಕೆಯಿಂದ ಬಿಡಬೇಕೆಂದು ಸೂಚಿಸಿತು. ಮೂಲವೇ ತ್ಯಾಜ್ಯವಾದ ಮೇಲೂ ಕನ್ನಡದಲ್ಲಿ ಅನುವಾದ ಉಳಿದುಕೊಂಡಿದೆ.

‘ಇಚ್ಛಾಮರಣ’ವೆಂಬ ಇನ್ನೊಂದು ಪದವೂ ಪತ್ರಿಕೆಗಳಲ್ಲಿದೆ. ಇದು ಭಾರತಕಥೆಯಿಂದ ಬಂದದ್ದು. ಭೀಷ್ಮನಿಗೆ ತಂದೆ ಕೊಟ್ಟ ವರ ಅದು. ಶರಶಯ್ಯೆಯಲ್ಲಿ ಮಲಗಿ ಉತ್ತರಾಯಣವನ್ನು ಕಾದವನು ತನ್ನ ಗಳಿಗೆಯನ್ನು ತಾನೇ ಆರಿಸಿದನು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಪ್ರಾಚೀನ ಶಾಸನಗಳಲ್ಲಿಯೂ ಇದೇ ವ್ಯವಸ್ಥೆಯನ್ನು ಕಾಣುತ್ತೇವೆ. ಅಲ್ಲಿ ‘ನೋಂತು’, ‘ಮುಡಿಪಿದರ್’ ಎಂಬ ಕ್ರಿಯಾಪದಗಳಿಗೆ ಕರ್ತೃ ವ್ರತ ಹಿಡಿದ ಮುನಿಯೋ ಕಂತಿಯೋ ಆಗಿರುತ್ತಾರೆಯೇ ಹೊರತು ಗುರುವಾಗಲಿ ಬಂಧುವಾಗಲಿ ಅಲ್ಲ. ರಾಜಸ್ಥಾನದ ಉಚ್ಚ ನ್ಯಾಯಾಲಯವು ೨೦೧೫ರ ಆಗಸ್ಟಿನಲ್ಲಿ ಸಲ್ಲೇಖನವನ್ನು ಅಪರಾಧವೆಂದು ಸಾರಿದಾಗ, ಅದೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಆದೇಶಕ್ಕೆ ತಡೆ ಕೊಟ್ಟಿತು. ಆ ವಾದದಲ್ಲಿಯೂ ಪ್ರಶ್ನೆಯಿದ್ದುದು ವ್ರತಿಯ ಸ್ವಾತಂತ್ರ್ಯವನ್ನು ಕುರಿತೇ.

ವೈಯಾಕರಣರು ಕರ್ತೃವನ್ನು ಸ್ವತಂತ್ರನೆಂದು ಲಕ್ಷಿಸುತ್ತಾರೆ. ಪ್ರಜ್ಞೆ ತಪ್ಪಿ ಯಂತ್ರದ ಮೇಲೆ ಮಲಗಿದವನಿಗೆ ಇಲ್ಲದಿರುವುದು ಆ ಸ್ವಾತಂತ್ರ್ಯವೇ. ಅಲ್ಲಿ ಭೀಷ್ಮನ ಪದ ಸಲ್ಲದು, ವ್ರತಿಯ ಪದವೂ ಸಲ್ಲದು. ಹಾಗೆಂದು ‘ದಯಾಮರಣ’ವನ್ನು ಒಪ್ಪಿದರೆ ಕರ್ತೃತ್ವವೆಲ್ಲ ಬಂಧುಗಳ ಮೇಲೆ ಬೀಳುತ್ತದೆ. ಇದೇ ಸಮಸ್ಯೆಯ ತಿರುಳು.

೩

ಈ ಪದವನ್ನು ಮನೆಮಾತಾಗಿಸಿದ ಪ್ರಕರಣ ಕರಾವಳಿಯ ಹೆಣ್ಣುಮಗಳೊಬ್ಬಳದು. ಉತ್ತರ ಕನ್ನಡ ಜಿಲ್ಲೆಯ ಹಳದೀಪುರದಿಂದ ಮುಂಬಯಿಗೆ ಹೋಗಿ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಅರುಣಾ ಶಾನಭಾಗರ ಮೇಲೆ ೧೯೭೩ರ ನವೆಂಬರ್ ೨೭ರಂದು ಅದೇ ಆಸ್ಪತ್ರೆಯ ಕೆಲಸಗಾರನೊಬ್ಬನು ಅತ್ಯಾಚಾರವೆಸಗಿ, ನಾಯಿಯ ಸರಪಣಿಯಿಂದ ಕತ್ತು ಬಿಗಿದನು. ಮೆದುಳಿಗೆ ಪ್ರಾಣವಾಯು ತಪ್ಪಿತು. ಮುಂದಿನ ೪೧ ವರ್ಷಗಳಿಗೂ ಮಿಕ್ಕಿದ ಕಾಲ ಅವರು ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ೧೯೯೮ರಲ್ಲಿ ಅವರ ಕಥೆಯನ್ನು ಪುಸ್ತಕವಾಗಿ ಬರೆದ ಪಿಂಕಿ ವಿರಾನಿಯವರು ೨೦೦೯ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿ, ಆಹಾರ ಕೊಡುವುದನ್ನು ನಿಲ್ಲಿಸಿ ಅವರನ್ನು ಶಾಂತವಾಗಿ ಸಾಯಗೊಡಬೇಕೆಂದು ಬೇಡಿದರು. ನ್ಯಾಯಮೂರ್ತಿಗಳಾದ ಮಾರ್ಕಂಡೇಯ ಕಾಟ್ಜು, ಜ್ಞಾನ ಸುಧಾ ಮಿಶ್ರ ಇವರ ಪೀಠವು ೨೦೧೧ರ ಮಾರ್ಚ್ ೭ರಂದು ಅರ್ಜಿಯನ್ನು ತಳ್ಳಿಹಾಕಿತು. ಆದರೆ ಜೀವಾಧಾರವನ್ನು ಹಿಂತೆಗೆಯುವುದಕ್ಕೆ ಉಚ್ಚ ನ್ಯಾಯಾಲಯದ ಅನುಮತಿಯ ಮೇಲೆ ಅವಕಾಶವುಂಟೆಂದು ಅದೇ ತೀರ್ಪಿನಲ್ಲಿ ಸಾರಿತು.

ತೀರ್ಪನ್ನು ಒಂದು ಗದ್ಯಕೃತಿಯೆಂದು ಓದುವವರಿಗೆ ಅದರ ನಡುವಿನಲ್ಲಿರುವುದು ಮರಣದ ಪ್ರಶ್ನೆಯಲ್ಲ, ನಂಟಿನ ಪ್ರಶ್ನೆಯೆಂದು ತೋರುತ್ತದೆ. ಅರುಣಾ ಅವರ ಪರವಾಗಿ ಮಾತನಾಡತಕ್ಕವರು ಯಾರು? ಹೆತ್ತವರು ತೀರಿಕೊಂಡಿದ್ದರು. ಲೇಖಕಿಯು ತಾನು ಸ್ನೇಹಿತೆಯೆಂದರು. ಆಸ್ಪತ್ರೆಯ ದಾದಿಯರೂ ವೈದ್ಯರೂ ಅವರು ಬದುಕಿರಲಿ ಎಂದರು. ಬಾಯಿಗೆ ತುತ್ತಿಟ್ಟು, ಮೈ ತೊಳೆದು, ದೀರ್ಘಕಾಲ ಹಾಸಿಗೆಯಲ್ಲಿದ್ದವರಿಗೆ ಆಗುವ ಹುಣ್ಣು ಒಂದೂ ಆಗದಂತೆ ಅವರು ೩೭ ವರ್ಷ ನೋಡಿಕೊಂಡಿದ್ದರು. ಆಪ್ತರೆಂದರೆ ಇವರೇ ಎಂದು ನ್ಯಾಯಾಲಯ ನಿರ್ಣಯಿಸಿತು. ರಕ್ತದಿಂದಲ್ಲ, ಬರಹದಿಂದಲೂ ಅಲ್ಲ, ಸೇವೆಯಿಂದ ನಂಟು ಸಿದ್ಧಿಸುತ್ತದೆಂಬ ಈ ನಿರ್ಣಯವನ್ನು ತೀರ್ಪಿನ ಅತ್ಯುತ್ತಮ ಭಾಗವೆಂದು ಎಣಿಸಬೇಕು.

ಆದರೂ ಒಂದು ಆಕ್ಷೇಪವನ್ನು ಹೇಳದೆ ಬಿಡುವಂತಿಲ್ಲ. ಸೇವೆ ಮಾಡಿದವರು ‘ನಮಗೆ ಅವಳು ಬೇಕು’ ಎಂದರು. ಲೇಖಕಿಯು ‘ಅವಳಿಗೆ ಇದು ಬೇಡ’ ಎಂದರು. ಎರಡು ವಾಕ್ಯಗಳಲ್ಲಿಯೂ ಪ್ರೀತಿಯುಂಟು. ಆದರೆ ಮೊದಲನೆಯದರಲ್ಲಿ ‘ನಮಗೆ’ ಎಂಬುದು ಮುಂದೆ ನಿಂತಿದೆ; ಎರಡನೆಯದರಲ್ಲಿ ಅವಳ ಮನಸ್ಸನ್ನು ಅರಿತೆನೆಂಬ ಅತಿ ವಿಶ್ವಾಸವಿದೆ. ಅರುಣಾ ಅವರ ಸ್ವಂತ ಮಾತು ಎರಡರಲ್ಲಿಯೂ ಇಲ್ಲ. ೨೦೧೫ರ ಮೇ ೧೮ರಂದು ಅವರು ಶ್ವಾಸಕೋಶದ ಉರಿಯೂತದಿಂದ ತೀರಿಕೊಂಡರು. ಅಂತ್ಯಕ್ರಿಯೆಯಲ್ಲಿ ಬಂಧುಗಳೊಡನೆ ಆಸ್ಪತ್ರೆಯವರೂ ಭಾಗಿಗಳಾದರು.

ಈ ಪ್ರಕರಣದಿಂದ ನಮ್ಮ ಜನರಲ್ಲಿ ಬೇರೂರಿದ ತಪ್ಪು ತಿಳಿವಳಿಕೆಯೊಂದನ್ನು ಇಲ್ಲಿಯೇ ತಿದ್ದಬೇಕು. ಆ ದೀರ್ಘಕಾಲದಲ್ಲಿ ಅರುಣಾ ಅವರ ಉಸಿರು ನಡೆಯುತ್ತಿದ್ದುದು ಯಂತ್ರದಿಂದಲ್ಲ. ನಿಲ್ಲಿಸಬೇಕೆಂದು ಕೇಳಿದ್ದು ಅನ್ನವನ್ನು. ತೀವ್ರನಿಗಾ ಘಟಕದಲ್ಲಿ ಅಂಗಾಂಗಗಳು ಒಂದೊಂದಾಗಿ ಸೋಲುತ್ತಿರುವ ರೋಗಿಯ ಸ್ಥಿತಿ ಬೇರೆ. ಅಲ್ಲಿ ಮರಣವು ಬರುತ್ತಲೇ ಇದೆ; ಯಂತ್ರವು ಅದನ್ನು ತಡೆದು ನಿಲ್ಲಿಸಿದೆ. ಎರಡಕ್ಕೂ ಒಂದೇ ಪದವನ್ನು ಬಳಸಿದ್ದರಿಂದ, ಯಂತ್ರ ತೆಗೆಯಲು ಒಪ್ಪಿದ ಮಗನು ಅನ್ನ ಕಸಿದವನಂತೆ ತನ್ನನ್ನು ತಾನು ಕಾಣುವಂತಾಗಿದೆ.

‘ಜೀವರಕ್ಷಕ ಯಂತ್ರ’ವೆಂಬ ಪದವೂ ಈ ಕೇಡಿಗೆ ನೆರವಾಗಿದೆ. ‘ರಕ್ಷಕ’ನೆಂದ ಮೇಲೆ ಅವನನ್ನು ತೆಗೆದುಹಾಕಿದವನು ಏನಾಗಬೇಕು? ತೀರ್ಪು ಪದದಲ್ಲಿಯೇ ಅಡಗಿದೆ. ೧೯೫೨ರಲ್ಲಿ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೋ ಹಬ್ಬಿದಾಗ ಬ್ಯೋರ್ನ್ ಇಬ್ಸೆನ್ ಎಂಬ ವೈದ್ಯನ ಸೂಚನೆಯಂತೆ ನೂರಾರು ವೈದ್ಯವಿದ್ಯಾರ್ಥಿಗಳು ಸರದಿಯಲ್ಲಿ ಕುಳಿತು, ಕೈಯಿಂದ ಚೀಲವನ್ನು ಒತ್ತುತ್ತ ರೋಗಿಗಳಿಗೆ ಉಸಿರು ಕೊಟ್ಟರು. ಇಂದಿನ ತೀವ್ರನಿಗಾ ಘಟಕದ ಮೂಲ ಅಲ್ಲಿದೆ. ಸ್ನಾಯುಗಳು ಚೇತರಿಸುವ ತನಕ ಆಸರೆ ಕೊಡುವುದೇ ಆ ಕ್ರಮದ ಉದ್ದೇಶವಾಗಿತ್ತು. ಆಸರೆಯು ದಾಟಿಸುವುದಕ್ಕೆ ಇರುವುದು. ದಾಟಿ ಹೋಗಲು ಆಚೆಯ ದಡವೇ ಇಲ್ಲವಾದಾಗ ಅದನ್ನು ‘ರಕ್ಷಕ’ವೆಂದು ಕರೆಯುವುದು ಸರಿಯಲ್ಲ. ಇನ್ನು, ಆಸರೆ ತೆಗೆಯುವುದೆಂದರೆ ಕೊಲ್ಲುವುದೆಂದೂ ಅಲ್ಲ. ಅಮೆರಿಕದ ನ್ಯೂಜೆರ್ಸಿಯಲ್ಲಿ ೧೯೭೬ರಲ್ಲಿ ಕರೆನ್ ಆನ್ ಕ್ವಿನ್ಲನ್ ಎಂಬ ತರುಣಿಯ ತಂದೆತಾಯಿಗಳು ನ್ಯಾಯಾಲಯದಿಂದ ಅನುಮತಿ ಪಡೆದು ಉಸಿರಾಟದ ಯಂತ್ರವನ್ನು ತೆಗೆಸಿದರು. ಆಕೆ ತಾನೇ ಉಸಿರಾಡುತ್ತ ೧೯೮೫ರ ತನಕ ಬದುಕಿದಳು. ತೆಗೆಸಿದವರು ಸಾವನ್ನು ಉಂಟುಮಾಡಲಿಲ್ಲ. ಅದರ ಕಾಲವನ್ನು ಅದಕ್ಕೇ ಬಿಟ್ಟರು.

೪

ಜನರಾಡುವ ಮಾತಿನ ಕಡೆಗೆ ಬರೋಣ. ಉಪ್ಪಿನಂಗಡಿಯ ಆಸುಪಾಸಿನಲ್ಲಿ ಇಂಥ ನಿರ್ಧಾರ ಮಾಡಿದ ಯಾವ ಮನೆಯವರೂ ‘ದಯಾಮರಣ ಕೊಡಿಸಿದೆವು’ ಎನ್ನುವುದಿಲ್ಲ. ‘ಮನೆಗೆ ಕರೆದುಕೊಂಡು ಬಂದೆವು’ ಎನ್ನುತ್ತಾರೆ. ‘ಬಿಡಿಸಿಕೊಂಡು ಬಂದೆವು’ ಎಂದೂ ಹೇಳುವುದುಂಟು. ಆಸ್ಪತ್ರೆಯ ದಾಖಲೆಯಲ್ಲಿ ಅದು ವೈದ್ಯರ ಸಲಹೆಗೆ ವಿರುದ್ಧವಾಗಿ ಹೊರಟುಹೋದದ್ದೆಂದು ನಮೂದಾಗುತ್ತದೆ. ಆಂಬುಲೆನ್ಸಿನಲ್ಲಿ ಒಬ್ಬರು ಉಸಿರಿನ ಚೀಲವನ್ನು ಒತ್ತುತ್ತ ಬರುತ್ತಾರೆ. ಮನೆಯ ಚಾವಡಿಯಲ್ಲಿ ಅದು ನಿಲ್ಲುತ್ತದೆ. ಕೋಪನ್‌ಹೇಗನ್ನಿನ ವಿದ್ಯಾರ್ಥಿಗಳು ಬದುಕಿಸುವುದಕ್ಕೆ ಒತ್ತಿದ ಚೀಲವೇ ಇಲ್ಲಿ ಮನೆ ಮುಟ್ಟಿಸುವ ಚೀಲವಾಯಿತು.

ಈ ‘ಮನೆ’ ಎಂಬ ಶಬ್ದದಲ್ಲಿ ಅಡಗಿರುವ ಅರ್ಥವನ್ನು ಗಮನಿಸಬೇಕು. ಪ್ರಾಣ ಹೋಗುವ ಹೊತ್ತಿಗೆ ಬಾಯಿಗೆ ತುಳಸಿಯ ನೀರನ್ನೋ ಗಂಗೋದಕವನ್ನೋ ಬಿಡುವುದು ಮಕ್ಕಳ ಕರ್ತವ್ಯವೆಂದು ಹಿಂದೂ ಮನೆಗಳಲ್ಲಿ ಎಣಿಕೆ. ಸಾಯುವವರ ಕಿವಿಯಲ್ಲಿ ಕಲಿಮಾ ಕೇಳಿಸುವುದು ಬ್ಯಾರಿಗಳ ಮನೆಗಳಲ್ಲಿ ಅಷ್ಟೇ ಮುಖ್ಯವಾದದ್ದು. ಯಂತ್ರದ ನಳಿಗೆಯು ನೀರು ಬಿಡಬೇಕಾದ ಬಾಯಿಯನ್ನೇ ಆಕ್ರಮಿಸಿರುತ್ತದೆ; ಗಾಜಿನ ಬಾಗಿಲು ಕಿವಿಯನ್ನು ದೂರವಿರಿಸಿರುತ್ತದೆ. ಆದುದರಿಂದ ‘ಮನೆಗೆ ಕರೆದುಕೊಂಡು ಬಂದೆವು’ ಎಂಬುದನ್ನು ಸತ್ಯವನ್ನು ಮರೆಮಾಚುವ ನುಡಿಯೆಂದು ತಳ್ಳಿಹಾಕುವುದು ಅವಸರದ ವಿಮರ್ಶೆ. ಮಾಡಬೇಕಾದ ಕರ್ತವ್ಯಕ್ಕೆ ಎಡೆ ಮಾಡಿಕೊಂಡೆವು ಎಂಬುದು ಅದರ ಮುಖ್ಯಾರ್ಥ.

ಆದರೆ ‘ಬಿಡಿಸಿಕೊಂಡು’ ಎಂಬ ಶಬ್ದಕ್ಕೆ ಇನ್ನೊಂದು ಮುಖವುಂಟು. ಅಡವಿಟ್ಟ ಒಡವೆಯನ್ನೂ ಬಿಡಿಸಿಕೊಳ್ಳುತ್ತೇವೆ. ಅಡಕೆಯ ತೋಟದ ಮೇಲೆ ಸಾಲವೆತ್ತಿ ದಿನದಿನದ ಲೆಕ್ಕ ಕಟ್ಟುತ್ತಿರುವ ಮನೆಯವರು ‘ಸಾಕು’ ಎನ್ನುವಾಗ, ಅದು ರೋಗಿಗೆ ಸಾಕಾದದ್ದೋ ಕೈಯ ಹಣ ತೀರಿದ್ದೋ ಎಂದು ಬೇರ್ಪಡಿಸಿ ಹೇಳುವುದು ಅವರಿಗೇ ಕಷ್ಟ. ಗುಣವಾಗಬಹುದಾಗಿದ್ದ ರೋಗಿಯನ್ನು ಬಡತನದಿಂದ ಮನೆಗೆ ತಂದುದನ್ನೂ, ಗುಣವಾಗುವಂತಿಲ್ಲದವರನ್ನು ಮನೆಗೆ ತಂದುದನ್ನೂ ಈ ಒಂದೇ ನುಡಿ ಮುಚ್ಚುತ್ತದೆ. ಜನರ ಮಾತನ್ನು ಮೆಚ್ಚುವ ಭರದಲ್ಲಿ ಈ ದೋಷವನ್ನು ಮರೆಯಬಾರದು.

ಯಾರ ಮಾತು ನಡೆಯಬೇಕೆಂಬುದು ಇನ್ನೊಂದು ತೊಡಕು. ತುಳುನಾಡಿನ ಅನೇಕ ಕುಲಗಳಲ್ಲಿ ಅಳಿಯಸಂತಾನದ ಕ್ರಮ ನಡೆದುಬಂದಿತ್ತು. ಮನೆಯ ಯಜಮಾನ ಸೋದರಮಾವ, ಗಂಡನು ಬೇರೆ ಕುಟುಂಬದವನು. ೧೯೫೬ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಅನಂತರ ಆಸ್ತಿಯ ಹಕ್ಕು ಬದಲಾಯಿತು, ಮನಸ್ಸಿನ ಹಕ್ಕು ಅಷ್ಟು ಬೇಗ ಬದಲಾಗಲಿಲ್ಲ. ಹೆಂಡತಿಯೋ ಅಕ್ಕನೋ, ಮಗನೋ ಸೋದರಳಿಯನೋ ಎಂಬ ಪ್ರಶ್ನೆ ಆಸ್ಪತ್ರೆಯ ಬಾಗಿಲಲ್ಲಿ ಎದ್ದರೆ, ‘ಹತ್ತಿರದ ಸಂಬಂಧಿ’ ಎಂಬ ಕಾನೂನಿನ ಮಾತು ಅದನ್ನು ಬಗೆಹರಿಸಲಾರದು. ದೂರದ ದೇಶದಿಂದ ಫೋನಿನಲ್ಲಿ ‘ಎಷ್ಟಾದರೂ ಆಗಲಿ, ಇರಿಸಿ’ ಎನ್ನುವ ಮಗನಿಗಿಂತ, ವರ್ಷಗಟ್ಟಲೆ ಮೈ ತೊಳೆದ ಸೊಸೆ ಹತ್ತಿರದವಳಲ್ಲವೇ? ೨೦೧೧ರ ತೀರ್ಪು ಕೆ.ಇ.ಎಂ. ದಾದಿಯರ ವಿಷಯದಲ್ಲಿ ಹೇಳಿದ್ದನ್ನು ಈ ಸೊಸೆಗೂ ಅನ್ವಯಿಸಿ ಓದಬಹುದು.

ಪುತ್ತೂರಿನಲ್ಲಿ ಬಹುಕಾಲ ನೆಲಸಿದ್ದ ಶಿವರಾಮ ಕಾರಂತರ ‘ಅಳಿದ ಮೇಲೆ’ (೧೯೬೦) ಕಾದಂಬರಿ ಇಲ್ಲಿ ನೆನಪಿಗೆ ಬರುತ್ತದೆ. ಅದರಲ್ಲಿ ಯಶವಂತರಾಯನು ಮುಂಬಯಿಯಲ್ಲಿ ತೀರಿಕೊಂಡಾಗ, ಅವನು ಉಳಿಸಿ ಹೋದ ಕಾಗದಪತ್ರಗಳೂ ಹಣವೂ ರಕ್ತಸಂಬಂಧಿಯಲ್ಲದ ಪರಿಚಯಸ್ಥನ ಪಾಲಿಗೆ ಬರುತ್ತವೆ. ಅಳಿದವನ ಮನಸ್ಸು ಏನಿತ್ತೆಂದು ಅರಸುತ್ತ ಆ ಪರಿಚಯಸ್ಥನು ಊರೂರು ತಿರುಗುತ್ತಾನೆ. ತನಗೆ ಒಳ್ಳೆಯದೆಂದು ತೋರಿದ್ದನ್ನು ಮಾಡಿ ಮುಗಿಸುವುದು ಅವನಿಗೆ ಸುಲಭವಿತ್ತು. ಹಾಗೆ ಮಾಡದೆ, ಹೋದವನಿಗೆ ಏನು ಬೇಕಿತ್ತೆಂದು ಕೇಳಿಕೊಂಡು ಹೋಗುತ್ತಾನೆ. ಕೃತಿಯ ವಿಷಯ ನಾವು ಚರ್ಚಿಸುತ್ತಿರುವುದಲ್ಲವಾದರೂ ಅದರಲ್ಲಿರುವ ನಡತೆ ನಮಗೆ ಬೇಕಾದದ್ದು. ಹಾಸಿಗೆಯ ಬಳಿ ನಿಂತವರು ಕೇಳಿಕೊಳ್ಳತಕ್ಕ ಪ್ರಶ್ನೆ ‘ನಮಗೆ ಏನು ಬೇಕು’ ಎಂಬುದಲ್ಲ. ‘ಇವರು ಎದ್ದು ಕುಳಿತು ಮಾತನಾಡುವಂತಿದ್ದರೆ ಏನೆನ್ನುತ್ತಿದ್ದರು’ ಎಂಬುದು.

೫

ಕಾನೂನು ಈ ದಿಕ್ಕಿನಲ್ಲಿಯೇ ನಡೆದಿದೆ. ೨೦೧೮ರ ಮಾರ್ಚ್ ೯ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠವು ‘ಕಾಮನ್ ಕಾಸ್’ ಸಂಸ್ಥೆಯ ಅರ್ಜಿಯಲ್ಲಿ, ಘನತೆಯಿಂದ ಸಾಯುವುದು ಘನತೆಯಿಂದ ಬದುಕುವ ಹಕ್ಕಿನ ಭಾಗವೆಂದು ಹೇಳಿ, ಆರೋಗ್ಯವಾಗಿರುವಾಗಲೇ ಮುಂಗಡ ನಿರ್ದೇಶನ ಬರೆದಿಡಲು ಅವಕಾಶ ಕೊಟ್ಟಿತು. ಅದಕ್ಕೆ ವಿಧಿಸಿದ ಕ್ರಮ ತೀರ ತೊಡಕಾಗಿತ್ತು. ೨೦೨೩ರ ಜನವರಿ ೨೪ರಂದು ಅದನ್ನು ಸಡಿಲಿಸಲಾಯಿತು. ಈಗ ಇಬ್ಬರು ಸಾಕ್ಷಿಗಳ ಮುಂದೆ ರುಜು ಹಾಕಿ ನೋಟರಿಯ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಪಡೆದರೆ ಸಾಕು. ತನ್ನ ಪರವಾಗಿ ಮಾತನಾಡತಕ್ಕವರು ಯಾರೆಂದು ಅದರಲ್ಲಿಯೇ ಹೆಸರಿಸಬಹುದು. ಆಸ್ಪತ್ರೆಯ ಮೊದಲ ಮಂಡಳಿಯಲ್ಲಿ ಚಿಕಿತ್ಸೆ ಮಾಡುವ ವೈದ್ಯರೂ ಕನಿಷ್ಠ ೫ ವರ್ಷ ಅನುಭವದ ಇಬ್ಬರು ತಜ್ಞರೂ ಇರುತ್ತಾರೆ. ಎರಡನೆಯ ಮಂಡಳಿಯು ಅದನ್ನು ಮತ್ತೆ ಪರಿಶೀಲಿಸುತ್ತದೆ. ಸಾಧ್ಯವಾದಷ್ಟು ಮಟ್ಟಿಗೆ ಪ್ರತಿಯೊಂದು ಮಂಡಳಿಯೂ ೪೮ ಗಂಟೆಗಳಲ್ಲಿ ಅಭಿಪ್ರಾಯ ಹೇಳಬೇಕು. ಜಾರಿಗೆ ತರುವ ಮುನ್ನ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ನಿರ್ದೇಶನ ಬರೆದಿಡದವರ ವಿಷಯದಲ್ಲಿ ಬಂಧುಗಳ ಅಥವಾ ಆಪ್ತರ ಒಪ್ಪಿಗೆ ಬೇಕು. ಕರ್ನಾಟಕ ಸರ್ಕಾರವು ೨೦೨೫ರ ಜನವರಿ ೩೦ರಂದು ಸುತ್ತೋಲೆ ಹೊರಡಿಸಿ, ಎರಡನೆಯ ಮಂಡಳಿಗೆ ವೈದ್ಯರನ್ನು ನಾಮನಿರ್ದೇಶನ ಮಾಡುವ ಹೊಣೆಯನ್ನು ಜಿಲ್ಲಾ ಆರೋಗ್ಯಾಧಿಕಾರಿಗೆ ವಹಿಸಿತು. ಮರುದಿನದ ಸುದ್ದಿಗಳಲ್ಲಿ ಮತ್ತೆ ಕಂಡದ್ದು ‘ದಯಾಮರಣ’ವೇ.

ಈ ಕ್ರಮದ ಭಾಷಿಕ ಫಲವನ್ನು ಯಾರೂ ಗಮನಿಸಿದಂತಿಲ್ಲ. ಹಿಂದೆ ಮನೆಯವರು ‘ತೆಗೆಸಿದೆವು’ ಎನ್ನಬೇಕಿತ್ತು. ಅದು ಪ್ರೇರಣಾರ್ಥಕ ಕ್ರಿಯೆ. ಮಾಡಿಸಿದವರ ಮೇಲೆಯೇ ಭಾರ. ಈಗ ಚಿಕಿತ್ಸೆ ನಿಷ್ಫಲವೆಂದು ನಿರ್ಣಯಿಸುವವರು ವೈದ್ಯರು. ಮನೆಯವರು ‘ಒಪ್ಪಿದೆವು’ ಎನ್ನಬಹುದು. ಹಣದ ಮಾತನ್ನೂ ರೋಗದ ಮಾತನ್ನೂ ಬೇರೆ ಮಾಡಿ ನೋಡುವವರು ಇಬ್ಬರಲ್ಲ, ಎರಡು ಮಂಡಳಿಗಳು. ‘ತೆಗೆಸಿದೆವು’ ಎಂಬುದಕ್ಕೂ ‘ಒಪ್ಪಿದೆವು’ ಎಂಬುದಕ್ಕೂ ಇರುವ ಅಂತರವು, ಆ ರಾತ್ರಿಯ ಅನಂತರ ಇಪ್ಪತ್ತು ವರ್ಷ ಬದುಕಬೇಕಾದ ಮಗಳಿಗೆ ಸಣ್ಣದಲ್ಲ.

ಒಳ್ಳೆಯ ಪದವು ಎಂಥ ಉಪಕಾರ ಮಾಡಬಲ್ಲದೆಂಬುದಕ್ಕೆ ‘ಅಂಗದಾನ’ವೇ ಸಾಕ್ಷಿ. ೨೦೨೧ರ ಜೂನ್ ತಿಂಗಳಲ್ಲಿ ರಾಷ್ಟ್ರಪ್ರಶಸ್ತಿ ಪಡೆದ ನಟ ಸಂಚಾರಿ ವಿಜಯ್ ಬೆಂಗಳೂರಿನಲ್ಲಿ ಅಪಘಾತಕ್ಕೆ ಸಿಕ್ಕಿ, ಅವರ ಮೆದುಳು ನಿಷ್ಕ್ರಿಯವಾದಾಗ, ಮನೆಯವರು ಅಂಗಗಳನ್ನು ದಾನಮಾಡಲು ಒಪ್ಪಿದರು. ೧೯೯೪ರ ಅಂಗಾಂಗ ಕಸಿ ಕಾಯ್ದೆಯು ಮೆದುಳುಕಾಂಡದ ಮರಣವನ್ನು ಮರಣವೆಂದೇ ಎಣಿಸುವುದರಿಂದ ಆ ಪ್ರಕರಣ ನಮ್ಮದಕ್ಕಿಂತ ಬೇರೆ ಬಗೆಯದು. ಆದರೂ ಆ ಮನೆಯವರಿಗೆ ‘ಕೊಟ್ಟೆವು’ ಎಂಬ ಕ್ರಿಯಾಪದ ದೊರೆಯಿತು. ಕಳೆದುಕೊಂಡವರನ್ನು ಕೊಟ್ಟವರನ್ನಾಗಿ ಮಾಡಿದ್ದು ‘ದಾನ’ವೆಂಬ ಒಂದು ಶಬ್ದ.

ಅಂಥ ಕ್ರಿಯಾಪದವೊಂದು ನಮ್ಮ ಪ್ರಕರಣಕ್ಕೂ ಕನ್ನಡದಲ್ಲಿದೆ. ಹೊರಡುವವನು ‘ಬೀಳ್ಕೊಳ್ಳುತ್ತಾನೆ’, ಉಳಿಯುವವರು ‘ಬೀಳ್ಕೊಡುತ್ತಾರೆ’. ಒಂದೇ ಘಟನೆಗೆ ಎರಡು ಕಡೆಯಿಂದ ಎರಡು ಕ್ರಿಯೆಗಳು. ಹೋಗುವ ಕರ್ತೃತ್ವ ಹೋಗುವವನಲ್ಲಿಯೇ ಉಳಿಯುತ್ತದೆ, ಇರುವವರು ಅಪ್ಪಣೆಯನ್ನಷ್ಟೇ ಕೊಡುತ್ತಾರೆ. ವೈದ್ಯಕ್ಕೂ ಕಾನೂನಿಗೂ ‘ಚಿಕಿತ್ಸೆಯ ಹಿಂತೆಗೆತ’ವೆಂಬ ಬರಿಯ ಪಾರಿಭಾಷಿಕ ಪದ ಸಾಕು. ಮನೆಯವರೊಡನೆ ಆಡುವ ಮಾತಿನಲ್ಲಿ ‘ಬೀಳ್ಕೊಡುವುದು’ ಬರಬೇಕು. ಮುಂಗಡ ನಿರ್ದೇಶನವೆಂದರೆ ಮೊದಲೇ ಬೀಳ್ಕೊಂಡದ್ದೆಂದು ನಮ್ಮ ಹಿರಿಯರಿಗೆ ತಿಳಿಯಹೇಳಿದರೆ, ಅದು ಅಪಶಕುನವೆಂಬ ಅಂಜಿಕೆಯೂ ಸ್ವಲ್ಪಮಟ್ಟಿಗೆ ಕಡಮೆಯಾದೀತು.

ಪದ ಬದಲಾದ ಮಾತ್ರಕ್ಕೆ ದುಃಖ ಬದಲಾಗುವುದಿಲ್ಲವೆಂದು ಹೇಳುವವರಿದ್ದಾರೆ, ಅದು ನಿಜ. ಆದರೆ ಮಾಡದ ತಪ್ಪನ್ನು ಮಾಡಿದೆನೆಂದು ನಂಬಿಸುವ ಪದವನ್ನು ದುಃಖದಲ್ಲಿರುವವರ ಕೈಗೆ ಕೊಡದಿರುವುದು ನಮ್ಮಿಂದಾಗತಕ್ಕದ್ದು. ಸಂಗಮದಲ್ಲಿ ಪಿಂಡವಿಟ್ಟು ನೀರಿನಿಂದ ಮೇಲಕ್ಕೆ ಬರುವ ಮಗನು ‘ನಾನು ಯಂತ್ರ ತೆಗೆಸಿದೆ’ ಎಂದುಕೊಳ್ಳದೆ ‘ಅಪ್ಪನನ್ನು ಬೀಳ್ಕೊಟ್ಟೆ’ ಎಂದುಕೊಳ್ಳುವಂತಾದರೆ, ನಮ್ಮ ಪದಚರ್ಚೆ ನಿರರ್ಥಕವಾಗಲಿಲ್ಲವೆಂದು ಭಾವಿಸಬಹುದು.